ಏಕಾಂತವಾಸಿ ಪ್ಯೂಮಾ

ಬೆಕ್ಕಿನ ಕುಲವೆಂದೊಡನೆ ಹುಲಿ, ಸಿಂಹ, ಚಿರತೆಗಳು ನಮ್ಮ ನೆನಪಿಗೆ ಬರುತ್ತವೆ. ಇದೇ ಕುಲಕ್ಕೆ ಸೇರಿದ್ದರೂ ನಮ್ಮ ದೇಶದ ಕಾಡುಗಳಲ್ಲಿ ಇಲ್ಲದಿರುವ ಪ್ರಾಣಿ ಪ್ಯೂಮಾ. ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳು ಇದರ ತವರು. ಕೆನಡಾದ ಶೀತಲವಾದ ಯೂಕಾನ್ ಪ್ರದೇಶದಿಂದ ಚಿಲಿಯ ದಕ್ಷಿಣ ಭಾಗದವರೆಗೆ ಹಿಮಪರ್ವತ, ಮರುಭೂಮಿ, ಜೌಗುನೆಲ, ದಟ್ಟಾರಣ್ಯಗಳೆನ್ನದೆ ಎಲ್ಲೆಡೆಯೂ ಇದು ಬಾಳಬಲ್ಲದು. ಸೀಮೆಗೊಂದು ಹೆಸರು ಇದಕ್ಕಿದೆ: ಕೂಗರ್, ಬೆಟ್ಟದ ಸಿಂಹ, ಫ್ಲಾರಿಡಾದಲ್ಲಿ ಪ್ಯಾಂಥರ್. ಪ್ಯೂಮಾ ಎಂಬ ಮಾತು ಆಂಡೀಸ್ ಪರ್ವತವಾಸಿಗಳ ಕ್ವೆಚುವಾ ಭಾಷೆಯದು.

1771ರಲ್ಲಿ ಲಿನೇಯಸ್ ಎಂಬ ವಿಜ್ಞಾನಿಯು ಇದನ್ನು 'ಕಾಂಕಲರ್', ಅಂದರೆ ಏಕವರ್ಣದ್ದು, ಎಂದು ಕರೆದನು. ಮೈಬಣ್ಣ ಕಂದು ಮಿಶ್ರಿತ ಹಳದಿ; ಗಂಡಿಗೂ ಕೇಸರವಿಲ್ಲ. ಹಿಂಗಾಲುಗಳು ಮುಂಗಾಲುಗಳಿಗಿಂತ ಉದ್ದವಾಗಿದ್ದು ನೆಗೆತಕ್ಕೆ ಬಲ ನೀಡುತ್ತವೆ. ಉದ್ದವಾದ ಬಾಲವು ದೇಹದ ಸಮತೋಲವನ್ನು ಕಾಯುತ್ತದೆ. ಗಾತ್ರದಲ್ಲಿ ಚಿರತೆಗೆ ಸಮನಾದರೂ ಇದು ಗರ್ಜಿಸಲಾರದು. ಮನೆಯ ಬೆಕ್ಕಿನಂತೆ ಗುರುಗುಟ್ಟುತ್ತದೆ. ಬೆದೆಯ ಕಾಲದಲ್ಲಿ ಹೆಣ್ಣು ಕಿರಿಚುವ ದನಿ ಮಾತ್ರ ರಾತ್ರಿಯ ಕಾಡಿನಲ್ಲಿ ಎಂಥವರನ್ನೂ ಬೆಚ್ಚಿಬೀಳಿಸುತ್ತದೆ.

ಮುಸ್ಸಂಜೆಯಿಂದ ಮುಂಜಾವಿನವರೆಗೆ ಇದರ ಬೇಟೆಯ ವೇಳೆ. ಓಡಿ ದಣಿಸುವುದು ಇದರ ಕ್ರಮವಲ್ಲ. ಸದ್ದಿಲ್ಲದೆ ಸಮೀಪಿಸಿ, ಒಮ್ಮೆಲೇ ಎರಗಿ, ಕೊರಳನ್ನು ಹಿಡಿಯುತ್ತದೆ. ಉತ್ತರದಲ್ಲಿ ಜಿಂಕೆಗಳೂ, ಪ್ಯಾಟಗೋನಿಯಾದ ಬಯಲುಗಳಲ್ಲಿ ಒಂಟೆಯ ಕುಲದ ಗ್ವಾನಾಕೊಗಳೂ ಇದರ ಮುಖ್ಯ ಆಹಾರ. ಉಂಡು ಮಿಕ್ಕುದನ್ನು ತರಗೆಲೆ ಮತ್ತು ಮಣ್ಣಿನಿಂದ ಮುಚ್ಚಿಟ್ಟು, ಮರಳಿ ಬಂದು ತಿನ್ನುತ್ತದೆ. ಆ ಶೇಷದಿಂದಲೇ ನರಿಗಳು, ಕಾಂಡೋರ್ ಹದ್ದುಗಳು, ಅಸಂಖ್ಯ ಕೀಟಗಳು ಹೊಟ್ಟೆ ಹೊರೆಯುತ್ತವೆ.

ಸುಮಾರು 3 ತಿಂಗಳ ಗರ್ಭಧಾರಣೆಯ ನಂತರ ತಾಯಿಯು ಸಾಮಾನ್ಯವಾಗಿ 2 ಅಥವಾ 3 ಮರಿಗಳನ್ನು ಈಯುತ್ತದೆ. ಏಕವರ್ಣವೆಂದು ಹೆಸರಾದ ಪ್ರಾಣಿಯ ಮರಿಗಳ ಮೈತುಂಬ ಕಪ್ಪು ಚುಕ್ಕೆಗಳಿರುವುದೊಂದು ವಿಚಿತ್ರ! ಪೊದೆಯ ನೆರಳಿನಲ್ಲಿ ಮರಿಗಳನ್ನು ಮರೆಮಾಡುವ ಈ ಚುಕ್ಕೆಗಳು ಬೆಳೆದಂತೆ ಮಾಸಿಹೋಗುತ್ತವೆ. ತಂದೆಯ ನೆರವಿಲ್ಲದೆ ತಾಯಿಯೊಂದೇ ಒಂದೂವರೆ ಎರಡು ವರ್ಷ ಸಾಕಿ, ಬೇಟೆ ಕಲಿಸುತ್ತದೆ. ಬಳಿಕ ಮರಿಗಳು, ಅದರಲ್ಲೂ ಗಂಡುಗಳು, ತಮ್ಮದೇ ನೆಲೆಯನ್ನು ಅರಸುತ್ತಾ ಬಹುದೂರ ಹೊರಡುತ್ತವೆ. ಒಂದು ಗಂಡಿಗೆ ನೂರಾರು ಚದರ ಕಿಲೋಮೀಟರುಗಳ ನೆಲ ಬೇಕಾಗಬಹುದು.

ಈ ಸಂಚಾರದ ಹಾದಿಗಳಿಗೇ ಇಂದು ಕುತ್ತು ಒದಗಿದೆ. ವಲಸೆ ಬಂದ ಬಿಳಿಯರು ತಲೆಗಿಷ್ಟೆಂದು ಬಹುಮಾನವಿತ್ತು ಕೊಲ್ಲಿಸಿದ್ದರಿಂದ, ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವಾರ್ಧದಲ್ಲಿ ಫ್ಲಾರಿಡಾ ಒಂದನ್ನುಳಿದು ಪ್ಯೂಮಾಗಳ ನೆಲೆ ಅಳಿಯಿತು. 1990ರ ದಶಕದ ಆರಂಭದಲ್ಲಿ ಅಲ್ಲಿಯೂ ಉಳಿದಿದ್ದವು 20–30 ಮಾತ್ರ. ಹೊರಗಿನ ಸಂಬಂಧವಿಲ್ಲದೆ ರಕ್ತಸಂಬಂಧಿಗಳೇ ಕೂಡಿದುದರಿಂದ ಸೊಟ್ಟ ಬಾಲ, ಹೃದಯದ ದೋಷ, ಸಂತಾನಶಕ್ತಿಯ ಕುಂದು ಕಾಣಿಸಿಕೊಂಡವು. 1995ರಲ್ಲಿ ಟೆಕ್ಸಾಸ್‌ನಿಂದ 8 ಹೆಣ್ಣುಗಳನ್ನು ತಂದು ಬಿಡಲಾಯಿತು. ಹೊಸ ರಕ್ತ ಸೇರಿತು; ದೋಷಗಳು ತಗ್ಗಿದವು; ಸಂಖ್ಯೆ ನೂರನ್ನು ಮೀರಿತು.

ಲಾಸ್ ಏಂಜಲೀಸ್‌ನ ಗಂಡು ಪ್ಯೂಮಾವೊಂದರ ಕಥೆ ಬೇರೆ. ಪಿ-22 ಎಂಬ ಗುರುತಿನ ಅದು ಹೆದ್ದಾರಿಗಳನ್ನು ದಾಟಿ ನಗರಮಧ್ಯದ ಗ್ರಿಫಿತ್ ಉದ್ಯಾನವನ್ನು ಸೇರಿ, ಸಂಗಾತಿಯಿಲ್ಲದೆ ಸುಮಾರು 10 ವರ್ಷ ಬಾಳಿ 2022ರಲ್ಲಿ ಕಣ್ಮರೆಯಾಯಿತು. ಅದೇ ವರ್ಷ, ನಗರದ ಪಶ್ಚಿಮದ ಹೆದ್ದಾರಿಯ ಮೇಲೆ ವನ್ಯಜೀವಿಗಳಿಗಾಗಿಯೇ ವಿಶಾಲವಾದ ಸೇತುವೆಯೊಂದರ ನಿರ್ಮಾಣ ಆರಂಭವಾಯಿತು.

ಕಾಡಿನ ತುಣುಕುಗಳನ್ನು ಉಳಿಸಿದರೆ ಸಾಲದು, ಅವುಗಳ ನಡುವಣ ದಾರಿಯನ್ನೂ ಉಳಿಸಬೇಕೆಂಬುದೇ ಇದರಿಂದ ತಿಳಿಯುವ ಪಾಠ. ಒಂಟಿಯಾಗಿ ಬಾಳುವ ಪ್ರಾಣಿಯೂ ತನ್ನ ಕುಲದಿಂದ ಬೇರ್ಪಟ್ಟು ಉಳಿಯಲಾರದು.