ಹಗ್ಗ ಬಿಡಿಸುವ ಗುಳಿಗೆ

ಬೆಳೆದ ಮಗ ಇದ್ದಕ್ಕಿದ್ದಂತೆ ಮಚ್ಚು ಹಿಡಿದು ಹೆತ್ತ ತಾಯಿಯ ಮೇಲೇ ಏರಿಹೋದರೆ ಮನೆಯವರು ಏನು ಮಾಡಬೇಕು? ಮಾಲೂರು ತಾಲ್ಲೂಕಿನ ಲಕ್ಕೂರಿರಲಿ, ಬೆಂಗಳೂರಿರಲಿ, ಮೊದಲು ನೆನಪಾಗುವುದು ಹಗ್ಗ ಇಲ್ಲವೇ ಬೀಗ. ವೈದ್ಯರ ನೆನಪು ಬರುವುದು ಆಮೇಲೆ.

ಇದು ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಪರಿಣಾಮವಿರಬಹುದು. ಈ ರೋಗ ಇರುವವರಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಎತ್ತುವವರಲ್ಲ. ಎತ್ತುವ ಕೆಲವರೂ ಎಷ್ಟೋ ಸಲ ಸಿಟ್ಟಿಗಿಂತ ಹೆಚ್ಚಾಗಿ ಭಯದಿಂದ ಹಾಗೆ ಮಾಡುತ್ತಾರೆ. 'ನಿನ್ನ ಅನ್ನಕ್ಕೆ ವಿಷ ಹಾಕಿದ್ದಾರೆ' ಎಂಬ ದನಿ ಅವರ ಕಿವಿಗೆ ನಿಜವಾಗಿಯೇ ಕೇಳಿಸುತ್ತಿರುತ್ತದೆ. ಜತೆಗೆ ಕುಡಿತವೂ ಸೇರಿದರೆ ಅಪಾಯ ಹೆಚ್ಚು.

ಇಂಥ ಉದ್ರೇಕವನ್ನು ತಣಿಸುವ ಮದ್ದು ನಮ್ಮ ನೆಲದಲ್ಲೇ ಇತ್ತು. ಸರ್ಪಗಂಧಿಯ ಬೇರಿನಿಂದ ಉನ್ಮಾದ ಇಳಿಯುತ್ತದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಬರೆದರು. ಆದರೆ 1952ರಲ್ಲಿ ಫ್ರಾನ್ಸಿನಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೊಮಝೀನ್ ಅದನ್ನು ಹಿಂದಿಕ್ಕಿತು. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಅತಿಯಾದ ಪ್ರಭಾವವನ್ನು ತಡೆಯುವುದೇ ಇಂಥ ಔಷಧಗಳ ಕೆಲಸ.

ರೋಗಿ ಕೆರಳಿ ನಿಂತ ಗಳಿಗೆಗೆ ಚುಚ್ಚುಮದ್ದು ಬೇಕು. ಕೋಲಾರ ಜಿಲ್ಲೆಯವರಿಗೂ ಪರಿಚಿತವಾದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಉದ್ರಿಕ್ತರಾಗಿದ್ದ 200 ಮನೋರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಹ್ಯಾಲೊಪೆರಿಡಾಲ್ ಜತೆ ಪ್ರೊಮೆಥಝೀನ್ ಸೇರಿಸಿ ಕೊಟ್ಟಾಗ, ಲೊರಾಝೆಪಾಮ್ ಕೊಟ್ಟಾಗಿನದಕ್ಕಿಂತ ಬೇಗ ರೋಗಿಗಳು ಶಾಂತರಾದರು. ಎರಡೂ ಅಗ್ಗದ ಔಷಧಗಳೇ. ಪ್ರೊಮೆಥಝೀನ್ ಅಂತೂ ಅಲರ್ಜಿಗೆ ಕೊಡುವ ಹಳೆಯ ಮದ್ದು.

ಆದರೆ ಚುಚ್ಚುಮದ್ದು ಆ ದಿನಕ್ಕೆ ಮಾತ್ರ. ಕಿವಿಯಲ್ಲಿನ ದನಿ ಅಡಗಲು ದಿನವೂ ಗುಳಿಗೆ ನುಂಗಬೇಕು, ವಾರಗಟ್ಟಲೆ ಕಾಯಬೇಕು. ಎರಡು ಔಷಧಗಳಿಗೂ ಬಗ್ಗದ ರೋಗಕ್ಕೆ, ಅದರಲ್ಲೂ ಹಿಂಸೆ ನಿಲ್ಲದಿದ್ದಾಗ, ಕ್ಲೋಝಪಿನ್ ಇದೆ. ಅದು ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದಾದ್ದರಿಂದ ಮೊದಮೊದಲು ವಾರಕ್ಕೊಮ್ಮೆ ರಕ್ತಪರೀಕ್ಷೆ ತಪ್ಪದು.

ತೊಡಕಿರುವುದು ಇಲ್ಲೇ. ಕೈ ನಡುಗುತ್ತದೆ, ಮೈ ಭಾರವಾಗುತ್ತದೆ, 'ಗುಣವಾಯಿತಲ್ಲ' ಅನಿಸುತ್ತದೆ, ಗುಳಿಗೆ ನಿಲ್ಲುತ್ತದೆ. ಕೆಲವು ತಿಂಗಳಲ್ಲಿ ಮಚ್ಚು ಮತ್ತೆ ಕೈಗೆ ಬರಬಹುದು. ಆಗ ದಿಕ್ಕುಗಾಣದ ತಾಯಿ ಗುಳಿಗೆಯನ್ನು ಪುಡಿಮಾಡಿ ಸಾರಿನಲ್ಲಿ ಬೆರೆಸುತ್ತಾಳೆ. ಅವಳ ಸಂಕಟ ಅರ್ಥವಾಗುವಂಥದೇ. ಆದರೆ ಮಗನಿಗೆ ಅದು ಒಮ್ಮೆ ತಿಳಿಯಿತೆಂದರೆ, ಅನ್ನದಲ್ಲಿ ವಿಷವಿದೆ ಎಂಬ ಅವನ ಅನುಮಾನಕ್ಕೆ ಸಾಕ್ಷಿ ಸಿಕ್ಕಂತಾಯಿತು! ಅದರ ಬದಲು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಅವನಿಗೆ ಹೇಳಿಯೇ ಕೊಡಿಸುವ ಚುಚ್ಚುಮದ್ದಿದೆ. ನಡುಕಕ್ಕೆ ಹೆದರಿ ಔಷಧ ಬಿಡಬೇಕಿಲ್ಲ. ವೈದ್ಯರಿಗೆ ಹೇಳಿದರೆ ಪ್ರಮಾಣ ಇಳಿಸುತ್ತಾರೆ, ಇಲ್ಲವೇ ಔಷಧ ಬದಲಿಸುತ್ತಾರೆ.

ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಲಕ್ಕೂರಿನವರಿಗೆ ಕೋಲಾರದ ಜಿಲ್ಲಾ ಆಸ್ಪತ್ರೆಯೂ ಬೆಂಗಳೂರಿನ ನಿಮ್ಹಾನ್ಸ್ ಕೂಡ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿವೆ. ಮೊದಲು ಕೇಳಿ ತಿಳಿಯಬೇಕೆನ್ನುವವರಿಗೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಇದೆ. ಸಂಖ್ಯೆ 14416, ಕನ್ನಡದಲ್ಲೇ ಮಾತನಾಡಬಹುದು.