ನೆರೆಯವರು ಯಾರು?

ಆಫ್ರಿಕಾ ಖಂಡದ ಉತ್ತರ ಕರಾವಳಿಯಲ್ಲಿ, ಇಂದಿನ ಟ್ಯುನೀಷಿಯಾ ದೇಶದಲ್ಲಿ, ಕಾರ್ಥೇಜ್ ಎಂಬ ಪ್ರಾಚೀನ ನಗರದ ಅವಶೇಷಗಳಿವೆ. ಕ್ರಿಸ್ತಶಕ ಮೂರನೆಯ ಶತಮಾನದಲ್ಲಿ ಅದು ರೋಮನ್ ಸಾಮ್ರಾಜ್ಯದ ಮಹಾನಗರಗಳಲ್ಲಿ ಒಂದಾಗಿತ್ತು. ಸುಮಾರು 252ರಲ್ಲಿ ಒಂದು ಘೋರವಾದ ಸಾಂಕ್ರಾಮಿಕ ರೋಗವು ಆ ನಗರವನ್ನು ಹೊಕ್ಕಿತು. ನಿಲ್ಲದ ಭೇದಿ, ವಾಂತಿ, ಒಡಲನ್ನು ಸುಡುವ ತಾಪ, ಕೆಂಡದಂತೆ ಕೆಂಪಾದ ಕಣ್ಣುಗಳು; ಕೆಲವರ ಕೈಕಾಲುಗಳು ಕೊಳೆತುಹೋಗುತ್ತಿದ್ದವು, ಕೆಲವರು ಕಿವಿ ಕೇಳದವರಾಗುತ್ತಿದ್ದರು. ಅದು ಯಾವ ರೋಗವೆಂಬುದನ್ನು ವಿದ್ವಾಂಸರು ಇನ್ನೂ ನಿರ್ಣಯಿಸಿಲ್ಲ. ಮನೆಮಂದಿಯೇ ರೋಗಿಗಳನ್ನು ತೊರೆದು ಓಡಿದರು. ಬೀದಿಗಳಲ್ಲಿ ಹೆಣಗಳು ಬಿದ್ದಿದ್ದವು.

ಆಗ ಆ ನಗರದ ಕ್ರೈಸ್ತರ ಬಿಷಪ್ ಆಗಿದ್ದವನು ಸಿಪ್ರಿಯನ್. ಮೊದಲು ಆತನು ಹೆಸರಾಂತ ವಾಗ್ಮಿ, ಸಿರಿವಂತ; ನಡುವಯಸ್ಸಿನಲ್ಲಿ ಕ್ರೈಸ್ತಧರ್ಮವನ್ನು ಸ್ವೀಕರಿಸಿ ತನ್ನ ಆಸ್ತಿಯ ಬಹುಭಾಗವನ್ನು ಬಡವರಿಗಾಗಿ ಮಾರಿದವನು. ಆ ದಿನಗಳಲ್ಲಿ ಕ್ರೈಸ್ತರ ಸ್ಥಿತಿ ಎಂಥದೆಂಬುದನ್ನು ಅರಿತಲ್ಲದೆ ಮುಂದೆ ನಡೆದುದರ ಬೆಲೆ ತಿಳಿಯದು. ಅವರು ಅಲ್ಪಸಂಖ್ಯಾತರು. ಕೇವಲ ಎರಡು ವರ್ಷಗಳ ಹಿಂದೆ, 250ರಲ್ಲಿ, ಡೀಸಿಯಸ್ ಚಕ್ರವರ್ತಿಯ ಆಜ್ಞೆಯಂತೆ ಸಾಮ್ರಾಜ್ಯದ ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿಯರ್ಪಿಸಿ ಪ್ರಮಾಣಪತ್ರ ಪಡೆಯಬೇಕಾಗಿತ್ತು. ಒಪ್ಪದವರು ಸೆರೆಮನೆ ಸೇರಿದರು. ಹಲವರು ಪ್ರಾಣ ತೆತ್ತರು. ಸಿಪ್ರಿಯನ್ನನನ್ನು ಸಿಂಹಗಳ ಬಾಯಿಗೆ ಹಾಕಬೇಕೆಂದು ಜನರ ಗುಂಪು ಕೂಗಿತ್ತು. ಈಗ ರೋಗ ಬಂದಾಗ ಅದರ ದೋಷವೂ ಕ್ರೈಸ್ತರ ತಲೆಗೇ ಬಂತು. ಇವರು ದೇವತೆಗಳನ್ನು ಪೂಜಿಸದ ಕಾರಣದಿಂದಲೇ ಯುದ್ಧ, ಕ್ಷಾಮ, ರೋಗಗಳು ಒದಗಿವೆ ಎಂದು ದೆಮೆತ್ರಿಯಾನಸ್ ಎಂಬುವನು ಬಹಿರಂಗವಾಗಿಯೇ ದೂರುತ್ತಿದ್ದನು.

ಸಿಪ್ರಿಯನ್ ತನ್ನ ಸಭೆಯವರನ್ನು ಒಂದೆಡೆ ಸೇರಿಸಿದನು. ಆತನೊಡನಿದ್ದ ಪೊಂಟಿಯಸ್ ಎಂಬ ಶಿಷ್ಯನು ಬರೆದ ಜೀವನಚರಿತ್ರೆಯಲ್ಲಿ ಆ ಸಂದರ್ಭದ ವರ್ಣನೆಯಿದೆ. ನಮ್ಮವರನ್ನು ನಾವು ನೋಡಿಕೊಂಡರೆ ಅದರಲ್ಲಿ ಹೆಚ್ಚುಗಾರಿಕೆ ಏನಿದೆ, ಅಷ್ಟನ್ನು ಯಾರಾದರೂ ಮಾಡುತ್ತಾರೆ ಎಂಬುದು ಬಿಷಪ್ಪನ ವಾದ. ದೇವರು ಬಿಸಿಲನ್ನೂ ಮಳೆಯನ್ನೂ ತನ್ನವರ ಹೊಲಗಳಿಗೆ ಮಾತ್ರ ಕಳುಹಿಸುತ್ತಿಲ್ಲ. ಆತನ ಮಕ್ಕಳೆನಿಸಿಕೊಳ್ಳುವವರು ತಂದೆಯಂತೆಯೇ ನಡೆಯಬೇಡವೇ? ಹೀಗೆ ಹೇಳಿ ಆತನು ಕೆಲಸವನ್ನು ಹಂಚಿದನು. ಹಣವುಳ್ಳವರು ಹಣ ಕೊಟ್ಟರು. ಕೊಡಲು ಏನೂ ಇಲ್ಲದ ಬಡವರು ತಮ್ಮ ಮೈದುಡಿಮೆಯನ್ನು ಕೊಟ್ಟರು. ಅದು ಹಣಕ್ಕಿಂತಲೂ ಬೆಲೆಯುಳ್ಳದ್ದೆಂದು ಪೊಂಟಿಯಸ್ ಹೇಳುತ್ತಾನೆ. ಆ ಮಾತು ನಿಜವೇ ಸರಿ, ಏಕೆಂದರೆ ರೋಗಿಯ ಬಾಯಿಗೆ ನೀರು ಹನಿಸುವವನು ತನ್ನ ಪ್ರಾಣವನ್ನೇ ಪಣವಾಗಿ ಒಡ್ಡುತ್ತಿದ್ದನು. ಈ ನೆರವು ಸಭೆಯೊಳಗಿನವರಿಗಷ್ಟೇ ಅಲ್ಲದೆ ಎಲ್ಲರಿಗೂ ದೊರಕಿತು. ಹಿಂದೆ ಸಿಂಹಗಳ ಹೆಸರು ಕೂಗಿದ್ದವರೂ ಆ ರೋಗಿಗಳಲ್ಲಿ ಇದ್ದಿರಬಹುದು.

ಸಿಪ್ರಿಯನ್ ಸ್ವಭಾವತಃ ಮೃದುವಾದಿಯಾಗಿದ್ದನೆಂದು ತಿಳಿಯಬಾರದು. ದೆಮೆತ್ರಿಯಾನಸನಿಗೆ ಆತನು ಬರೆದ ಉತ್ತರವು ಬಹು ಕಟುವಾದುದು. ದೈವದಂಡನೆಯ ಎಚ್ಚರಿಕೆಗಳಿಗೆ ಅದರಲ್ಲಿ ಕೊರತೆಯಿಲ್ಲ. ಮಾತಿನಲ್ಲಿ ಎದುರಾಳಿಯನ್ನು ಬಿಡದವನು ರೋಗಶಯ್ಯೆಯಲ್ಲಿ ಅವನನ್ನು ಬೇರೆ ಮಾಡಲಿಲ್ಲವೆಂಬುದೇ ಇಲ್ಲಿ ಗಮನಿಸಬೇಕಾದ ವಿಷಯ. ಯೇಸು ಹೇಳಿದ ಸಮಾರ್ಯದವನ ಕಥೆಯಲ್ಲಿಯೂ ಕಳ್ಳರ ಪೆಟ್ಟಿನಿಂದ ದಾರಿಯಲ್ಲಿ ಬಿದ್ದವನನ್ನು ಎತ್ತಿದವನು ಆತನ ಕುಲದವನಲ್ಲ; ಎರಡು ಜನಾಂಗಗಳ ನಡುವೆ ಬಹುಕಾಲದ ವೈರವಿತ್ತು.

ಸೇವೆಗೆ ಪ್ರತಿಫಲವಾಗಿ ಸರಕಾರದ ಮನಸ್ಸೇನೂ ಕರಗಲಿಲ್ಲ. 257ರಲ್ಲಿ ಸಿಪ್ರಿಯನ್ ಗಡೀಪಾರಾದನು. 258ರ ಸೆಪ್ಟೆಂಬರ್ 14ರಂದು ಆತನ ಶಿರಚ್ಛೇದವಾಯಿತು. ತನ್ನ ಕತ್ತನ್ನು ಕಡಿಯಬಂದವನಿಗೆ 25 ಚಿನ್ನದ ನಾಣ್ಯಗಳನ್ನು ಕೊಡುವಂತೆ ಆತನು ತನ್ನವರಿಗೆ ಹೇಳಿದನೆಂದು ಅಂದಿನ ವಿಚಾರಣೆಯ ದಾಖಲೆ ತಿಳಿಸುತ್ತದೆ.

ಶಿಷ್ಯನು ಗುರುವನ್ನು ಹೊಗಳುವುದು ಸಹಜ. ಆದುದರಿಂದ ಪೊಂಟಿಯಸನ ಮಾತನ್ನು ಪೂರ್ತಿಯಾಗಿ ನಂಬಬೇಕೇ ಎಂದು ಕೇಳಬಹುದು. ಇದಕ್ಕೆ ನೂರು ವರ್ಷಗಳ ತರುವಾಯ ವಿರೋಧಿಯಿಂದಲೇ ಸಾಕ್ಷ್ಯ ದೊರೆಯುತ್ತದೆ. 361ರಿಂದ 363ರವರೆಗೆ ಆಳಿದ ಜೂಲಿಯನ್ ಚಕ್ರವರ್ತಿ ಕ್ರೈಸ್ತನಾಗಿ ಬೆಳೆದು, ಆ ಧರ್ಮವನ್ನು ಬಿಟ್ಟು, ಹಳೆಯ ದೇವತೆಗಳ ಪೂಜೆಯನ್ನು ಪುನಃ ಎತ್ತಿಹಿಡಿಯಲು ಹೆಣಗಿದವನು. ಗಲಾತ್ಯ ಪ್ರಾಂತದ ಪ್ರಧಾನ ಅರ್ಚಕನಿಗೆ ಆತನು ಬರೆದನೆನ್ನಲಾದ ಪತ್ರವೊಂದಿದೆ. ಗಲಿಲಾಯದವರು (ಕ್ರೈಸ್ತರನ್ನು ಆತನು ಕರೆಯುತ್ತಿದ್ದುದು ಹೀಗೆ) ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಮ್ಮವರಿಗೆ ನಮ್ಮಿಂದಲೇ ನೆರವಿಲ್ಲದಿರುವುದು ನಾಚಿಕೆಗೇಡು ಎಂಬುದು ಅದರ ತಿರುಳು. ಪ್ರತಿ ಊರಿನಲ್ಲಿಯೂ ಛತ್ರಗಳನ್ನು ಕಟ್ಟಿಸುವಂತೆ ಆಜ್ಞಾಪಿಸಿ, ವರ್ಷಕ್ಕೆ 30,000 ಮೋದಿಯಸ್ ಅಳತೆಯ, ಎಂದರೆ ಸುಮಾರು 200 ಟನ್‌ಗಳಷ್ಟು, ಗೋಧಿಯನ್ನು ಮಂಜೂರು ಮಾಡಿದ ಮಾತೂ ಅದರಲ್ಲಿದೆ. ಈ ಪತ್ರವು ಜೂಲಿಯನ್ನನದೇ ಹೌದೇ ಎಂದು ಕೆಲವು ವಿದ್ವಾಂಸರು ಸಂದೇಹಪಡುತ್ತಾರೆ. ಆದರೆ ಅರ್ಚಕನೊಬ್ಬನಿಗೆ ಬರೆದ ಇನ್ನೊಂದು ಪತ್ರದಲ್ಲಿಯೂ ಆತನು ಇದೇ ವಿಷಯವನ್ನೆತ್ತಿ, ಮಕ್ಕಳಿಗೆ ತಿನಿಸಿನ ಆಸೆ ತೋರಿಸಿ ಹಡಗಿಗೆ ಸೆಳೆದೊಯ್ಯುವ ವಂಚಕರಿಗೆ ಕ್ರೈಸ್ತರನ್ನು ಹೋಲಿಸಿದ್ದಾನೆ.

ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಉಪಕಾರ ಪಡೆದವರಲ್ಲಿ ಅನೇಕರು ಆ ಧರ್ಮವನ್ನು ಸೇರಿದ್ದುಂಟು. ಕೊಟ್ಟವನ ಅಂತರಂಗವನ್ನು ಹೊರಗಿನವರು ಕಾಣಲಾರರು. ಮರುದಿನ ಬದುಕಿರುವನೆಂಬ ಭರವಸೆಯಿಲ್ಲದ ರೋಗಿಯ ಬಳಿ ಕುಳಿತವನು ಮಾತ್ರ ದೊಡ್ಡ ಲಾಭವನ್ನು ಎಣಿಸಿ ಕುಳಿತಿದ್ದನೆಂದು ಹೇಳುವುದು ಕಷ್ಟ.

ಜೂಲಿಯನ್ನನು ಏಥೆನ್ಸಿನಲ್ಲಿ ವ್ಯಾಸಂಗ ಮಾಡುತ್ತಿದ್ದ ಕಾಲದಲ್ಲಿಯೇ ಬಸಿಲ್ ಎಂಬ ಕ್ರೈಸ್ತ ತರುಣನೂ ಅಲ್ಲಿ ಓದುತ್ತಿದ್ದನು. ಮುಂದೆ ಈ ಬಸಿಲ್ ಇಂದಿನ ಟರ್ಕಿಯಲ್ಲಿರುವ ಸಿಸೇರಿಯಾ ನಗರದಲ್ಲಿ ಪಾದ್ರಿಯಾದನು, ಬಳಿಕ ಬಿಷಪ್ ಆದನು. ಸುಮಾರು 369ರಲ್ಲಿ ಅಲ್ಲಿ ಮಳೆ ಕೈಕೊಟ್ಟು ಕ್ಷಾಮ ತಲೆದೋರಿತು. ಧಾನ್ಯವನ್ನು ಬಚ್ಚಿಟ್ಟು ಬೆಲೆ ಏರುವುದನ್ನೇ ಕಾಯುತ್ತಿದ್ದ ಸಿರಿವಂತರನ್ನು ಆತನು ತನ್ನ ಉಪದೇಶಗಳಲ್ಲಿ ತೀಕ್ಷ್ಣವಾಗಿ ಖಂಡಿಸಿ, ಕಣಜಗಳ ಬಾಗಿಲು ತೆರೆಯಿಸಿ, ಹಸಿದವರಿಗೆ ಉಣಬಡಿಸಿದನು. ತರುವಾಯ ಊರ ಹೊರಗೆ ರೋಗಿಗಳಿಗೂ ದಾರಿಹೋಕರಿಗೂ ಕುಷ್ಠರೋಗಿಗಳಿಗೂ ಆಶ್ರಯವಾದ ದೊಡ್ಡ ಕಟ್ಟಡಗಳ ಸಮುಚ್ಚಯವನ್ನೇ ಕಟ್ಟಿಸಿದನು. ಆ ಕ್ಷಾಮದ ದಿನಗಳನ್ನು ಕುರಿತು ಆತನ ತಮ್ಮನಾದ ಗ್ರೆಗೊರಿ ಬರೆಯುವಾಗ ಒಂದು ವಿವರವನ್ನು ಮರೆಯದೆ ಸೇರಿಸಿದ್ದಾನೆ: ಬಸಿಲ್ ಹಂಚಿದ ಅನ್ನದಲ್ಲಿ ಯೆಹೂದ್ಯರ ಮಕ್ಕಳಿಗೂ ಸರಿಸಮನಾದ ಪಾಲಿತ್ತು.