ಜಾವಾ ಮೋಟಾರ್‌ಸೈಕಲ್‌ನ ಚಾರ್ಜಿಂಗ್ ವ್ಯವಸ್ಥೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾ 250 ಮೋಟಾರ್‌ಸೈಕಲ್‌ನಲ್ಲಿ, ಕ್ರ್ಯಾಂಕ್‌ಶಾಫ್ಟ್‌ನ ತುದಿಯಲ್ಲಿರುವ ಡೈನಮೋ 6 ವೋಲ್ಟ್ ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ. ಸ್ಪಾರ್ಕ್ ಪ್ಲಗ್‌ನ ಕಿಡಿಗೂ ಈ ಬ್ಯಾಟರಿಯೇ ಆಧಾರ. ಆದ್ದರಿಂದ ಚಾರ್ಜಿಂಗ್ ನಿಂತರೆ ಮೊದಲು ದೀಪ ಮಂಕಾಗಿ, ಕೊನೆಗೆ ಎಂಜಿನ್ ಸಹ ನಿಲ್ಲುತ್ತದೆ.

ದೋಷ ಪತ್ತೆ

ಎಂಜಿನ್‌ನ ವೇಗ ಹೆಚ್ಚಿದಾಗ ಚಾರ್ಜಿಂಗ್ ಸೂಚಕ ದೀಪ ಆರಬೇಕು. ಆರದಿದ್ದರೆ ಬ್ಯಾಟರಿಯ ವೋಲ್ಟೇಜನ್ನು ಅಳೆಯಬೇಕು. ಅದು ಸುಮಾರು 7 ವೋಲ್ಟ್‌ಗೆ ಏರದಿದ್ದರೆ ಚಾರ್ಜಿಂಗ್ ಆಗುತ್ತಿಲ್ಲವೆಂದು ತಿಳಿಯಬಹುದು. ಆಗ ತಂತಿ ಮತ್ತು ಅರ್ಥಿಂಗ್ ಸಂಪರ್ಕಗಳನ್ನು, ಬಳಿಕ ಡೈನಮೋದ ಇಂಗಾಲದ ಬ್ರಷ್‌ಗಳ ಸವೆತವನ್ನು ಹಾಗೂ ಅವು ಉಜ್ಜುವ ಕಮ್ಯುಟೇಟರ್‌ನ ಕೊಳೆಯನ್ನು ಪರೀಕ್ಷಿಸಬೇಕು. ಇವು ಸರಿಯಿದ್ದರೆ ವೋಲ್ಟೇಜ್ ರೆಗ್ಯುಲೇಟರನ್ನು ಪರಿಶೀಲಿಸಬೇಕು. ದೋಷವನ್ನು ಸರಿಪಡಿಸದೆ ಬ್ಯಾಟರಿಯನ್ನಷ್ಟೇ ಬದಲಿಸಿದರೆ ಹೊಸದೂ ಬರಿದಾಗುತ್ತದೆ.